ಬಾಣವಿಲ್ಲದ ಬ್ಲೇಡು

ನನಗೆ ಅನುಮಾನದ ಕಾಯಿಲೆ ಇದೆ. ಇದನ್ನು ಮೊದಲಿಗೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನೀವು ನಾಲ್ಕು ಪುಟ ಓದಿ, ‘ಇವನ ಮೇಲೆ ನಮಗೆ ಆಗಲೇ ಅನುಮಾನ ಬಂದಿತ್ತು’ ಎಂದು ನನ್ನ ವಿದ್ಯೆಯನ್ನು ನನ್ನ ಮೇಲೇ ತೋರಿಸುತ್ತೀರಿ. ಎಳನೀರಿನವನು ‘ಗಂಜಿ ಐತೆ ಸಾ, ಕುಡ್ದು ನೋಡಿ’ ಎಂದರೆ ಒಳಗೆ ಬರೀ ನೀರೇ ಇದೆ ಎಂದು ನನಗೆ ಖಾತ್ರಿಯಾಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ‘ನಂಜನಗೂಡು ರಸಬಾಳೆ’ ಎಂದು ಕೂಗುವವನನ್ನು ಕಂಡರೆ ಆ ಹಣ್ಣಿನ ಹುಟ್ಟೂರು ಯಾವುದೆಂದು ತನಿಖೆ ಮಾಡದೆ ಬಸ್ ಹತ್ತಲು ಮನಸ್ಸಾಗುವುದಿಲ್ಲ. ಹೀಗೆ ಎರಡು ಸಲ ಬಸ್ ತಪ್ಪಿದೆ, ಹಣ್ಣನ್ನೂ ತಿಂದಿಲ್ಲ. ಒಂದು ದಿನ ನಮ್ಮವ್ವ ಕೇಳದೆಯೇ ಎರಡನೇ ಸಲ ಸಾರು ಬಡಿಸಿದಳು. ‘ಯಾಕವ್ವಾ, ಕೆಟ್ಟೋಗೈತಾ?’ ಎಂದೆ. ಸೌಟು ನನ್ನ ತಲೆಯ ಮೇಲೆ ಬಿದ್ದ ರಭಸ ನೋಡಿದರೆ ಸಾರು ಚೆನ್ನಾಗಿಯೇ ಇದ್ದಿರಬೇಕು.

ಈ ಕಾಯಿಲೆಯಿಂದ ಹುಟ್ಟಿದ ಇನ್ನೊಂದು ಕಾಯಿಲೆ ಮಿಮಿಕ್ರಿ. ಅನುಮಾನಪಟ್ಟು ಒಬ್ಬರನ್ನು ಎರಡು ದಿನ ದಿಟ್ಟಿಸಿ ನೋಡುತ್ತಿದ್ದರೆ ಅವರ ಕೆಮ್ಮು, ನಡಿಗೆ, ಮೂಗು ಒರೆಸುವ ಶೈಲಿ ಎಲ್ಲವೂ ತುರಿಕೆಯಂತೆ ನಮಗೂ ಅಂಟಿಕೊಳ್ಳುತ್ತದೆ. ಸುತ್ತೂರಿನಲ್ಲಿ ಓದುವಾಗ ನಾನು ಡ್ರಿಲ್ ಮೇಷ್ಟ್ರ ಧ್ವನಿಯಲ್ಲಿ ‘ಸಾಲಾಗಿ ನಿಲ್ಲಿ’ ಎಂದು ಕೂಗಿ, ಊಟಕ್ಕೆ ಹೊರಟಿದ್ದ ಮೂರು ತರಗತಿಗಳನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದೆ. ಮುಂದೆ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಊಟದ ಸೈರನ್ನನ್ನು ಕಾಲು ಗಂಟೆ ಮೊದಲೇ ಬಾಯಲ್ಲಿ ಊದಿದ್ದು ನನ್ನ ಕಲಾಜೀವನದ ಶಿಖರ. ನನ್ನ ವಿಭಾಗದವರೆಲ್ಲ ಕೈತೊಳೆದು ಡಬ್ಬಿ ಬಿಚ್ಚಿಯೇಬಿಟ್ಟರು. ಸೂಪರ್‌ವೈಸರ್ ಬಂದು, ‘ತುಂಬಾ ಚೆನ್ನಾಗಿತ್ತಪ್ಪ, ನಾಳೆಯಿಂದ ಮನೇಲಿ ಊದು’ ಎಂದ. ಹಾಗಾಗಿ ನಾನು ನಂಜನಗೂಡಿನಲ್ಲಿ ನನ್ನ ಸೋದರಮಾವ ಗುರುಮಲ್ಲಪ್ಪನ ಮರಗೆಲಸದ ಶೆಡ್ಡಿಗೆ ಬಂದು ಬಿದ್ದೆ. ಇದು ಮೊಬೈಲು ಇನ್ನೂ ದೊಡ್ಡವರ ಜೇಬಿನಲ್ಲಿ ಮಾತ್ರ ಇದ್ದ ಕಾಲ. ನಮ್ಮಂಥವರು ಎಸ್‌ಟಿಡಿ ಬೂತಿನ ಮುಂದೆ ನಿಂತು ಬೇರೆಯವರ ಮಾತು ಕೇಳಿಸಿಕೊಳ್ಳುತ್ತಿದ್ದೆವು.

ಶೆಡ್ಡಿನಲ್ಲಿ ನನ್ನ ಕೆಲಸ ಉಪ್ಪುಕಾಗದ ಹಿಡಿದು ಮರವನ್ನು ನುಣ್ಣಗೆ ಉಜ್ಜುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಉಜ್ಜಿ ಉಜ್ಜಿ ನನ್ನ ಬೆರಳಚ್ಚೇ ಅಳಿಸಿಹೋಗಿ, ನಾನು ಕಳ್ಳತನ ಮಾಡಿದರೂ ಸಿಕ್ಕಿಬೀಳದ ಸ್ಥಿತಿ ತಲುಪಿದ್ದೆ. ನನ್ನ ಕಣ್ಣೆಲ್ಲ ಇದ್ದದ್ದು ಮಾವ ಒಂದು ವರ್ಷದ ಹಿಂದೆ ತಂದಿದ್ದ ಮೂಲೆ ಕತ್ತರಿಸುವ ಮಷೀನಿನ ಮೇಲೆ. ಹಿಡಿ ಹಿಡಿದು ಕೆಳಕ್ಕೆ ಒತ್ತಿದರೆ ದುಂಡನೆಯ ಬ್ಲೇಡು ಗಿರ್ರನೆ ತಿರುಗುತ್ತಾ ಇಳಿದು, ಪಟ್ಟಿಯನ್ನು ಬೇಕಾದ ಕೋನಕ್ಕೆ ಕತ್ತರಿಸಿ ಇಡುತ್ತದೆ. ಪಟ್ಟಿ ಎಂದರೆ ಏನೆಂದು ಹೇಳಿಬಿಡುತ್ತೇನೆ. ಬಾಗಿಲ ಚೌಕಟ್ಟಿಗೂ ಗೋಡೆಗೂ ನಡುವೆ, ನೆಲಕ್ಕೂ ಗೋಡೆಗೂ ನಡುವೆ, ಬೀರುವಿನ ಅಂಚಿನಲ್ಲಿ ಅಂದಕ್ಕೆಂದು ಹೊಡೆಯುವ ಸಣ್ಣ ಅಗಲದ ತುಂಡುಗಳು. ಅಂದಕ್ಕೆ ಎನ್ನುವುದು ಮನೆಯವರಿಗೆ ಹೇಳುವ ಮಾತು. ಗಾರೆಯವನು ಬಿಟ್ಟ ಸಂದು, ಬಡಗಿ ಬಿಟ್ಟ ಸಂದು, ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿ ಬಿಟ್ಟ ಸಂದು, ಇವನ್ನೆಲ್ಲ ಮುಚ್ಚುವುದೇ ಪಟ್ಟಿಯ ಕೆಲಸ. ನನ್ನಂಥ ಅನುಮಾನದ ಮನುಷ್ಯ ಒಂದು ಮನೆಗೆ ಹೋದರೆ ದೇವರ ಪಟ ನೋಡುವುದಿಲ್ಲ, ಪಟ್ಟಿ ನೋಡುತ್ತಾನೆ. ಪಟ್ಟಿ ಅಗಲವಾದಷ್ಟೂ ಒಳಗಿನ ಪಾಪ ದೊಡ್ಡದು.

ಆ ವರ್ಷ ದಸರೆಗೆ ಮುಂಚೆ ಟಿ. ನರಸೀಪುರದಲ್ಲಿ ನಿಂಗಯ್ಯ ಮೇಷ್ಟ್ರ ಹೊಸ ಮನೆಯ ಪಟ್ಟಿ ಕೆಲಸ ನಮಗೆ ಬಂತು. ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ಆಗತಾನೇ ನಿವೃತ್ತರಾದವರು. ಅನುಮಾನದಲ್ಲಿ ನನಗಿಂತ ಹಿರಿಯರು; ನನ್ನ ಅನುಮಾನ ಬರಿಗೈಯದು, ಅವರದಕ್ಕೆ ಜೇಬಿನಲ್ಲಿ ಆರಂಗುಲದ ಸ್ಕೇಲು ಇತ್ತು. ಒಂದೊಂದು ಕೋಣೆಗೆ ಒಂದೊಂದು ಬಗೆಯ ಪಟ್ಟಿ ಎಂದು ಅವರೇ ನಿರ್ಧರಿಸಿದ್ದರು. ಮಲಗುವ ಕೋಣೆಗೆ ಎಂಡಿಎಫ್, ಅಂದರೆ ಮರದ ಹಿಟ್ಟನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಅಡುಗೆಮನೆ ಕಟ್ಟೆಯ ಅಂಚಿಗೆ ಅಲ್ಯೂಮಿನಿಯಂ. ಬಚ್ಚಲಿಗೆ ಪ್ಲಾಸ್ಟಿಕ್. ದೇವರ ಮನೆಯ ಬಾಗಿಲಿಗೆ ಮಾತ್ರ ತೇಗ, ಅದೂ ಅಂಗಡಿಯ ತೇಗವಲ್ಲ. ಮೇಷ್ಟ್ರ ತಾಯಿ ಅವರನ್ನು ಹೆತ್ತ ಮಂಚ ಹಳೆಯದಾಗಿ ಕಾಲು ಮುರಿದಿತ್ತು. ಅದನ್ನೇ ಸಾಮಿಲ್ಲಿನಲ್ಲಿ ಸೀಳಿಸಿ ಎಂಟು ಪಟ್ಟಿ ಮಾಡಿಸಿಟ್ಟಿದ್ದರು. ಬಾಗಿಲ ಒಳಗೆ ಮೂರು, ಹೊರಗೆ ಮೂರು, ಬೇಕಾದದ್ದು ಆರು. ‘ನಮ್ಮವ್ವನ ಮಂಚ ಇದು. ಹಾಳಾದರೆ ಇನ್ನೊಂದು ತರೋದಕ್ಕೆ ನಾನು ಮತ್ತೆ ಹುಟ್ಟಬೇಕು’ ಎಂದು ನನ್ನ ಮುಖವನ್ನೇ ನೋಡುತ್ತಾ ಹೇಳಿದರು. ಮಾವನ ಮುಖ ನೋಡಿ ಹೇಳಬಹುದಿತ್ತು. ನನ್ನದನ್ನೇ ಯಾಕೆ ನೋಡಿದರು ಎನ್ನುವುದು ಇವತ್ತಿಗೂ ನನ್ನ ಅನುಮಾನ.

ಮಾವ ಕೈಗರಗಸದ ಕಾಲದವನು. ಕೈಗರಗಸದ ಹಲ್ಲು ಯಾವ ಕಡೆಗಿದೆ ಎಂದು ಕಣ್ಣುಮುಚ್ಚಿ ಹೆಬ್ಬೆರಳಿನಲ್ಲಿ ಸವರಿ ಹೇಳುತ್ತಾನೆ. ಕರೆಂಟಿನದು ಎಂದರೆ ಮಾತ್ರ ಎರಡು ಹೆಜ್ಜೆ ಹಿಂದೆ ನಿಂತು ಕೈಕಟ್ಟಿಕೊಳ್ಳುತ್ತಾನೆ. ಮಷೀನಿನ ಜೊತೆ ಬಂದಿದ್ದ ಒಂದೇ ಬ್ಲೇಡನ್ನು ಮಾರಿದವರೇ ಹಾಕಿಕೊಟ್ಟಿದ್ದರು. ಒಂದು ವರ್ಷ ಯಾರೂ ಅದನ್ನು ಬಿಚ್ಚಿಯೇ ಇರಲಿಲ್ಲ. ಈಗ ಇಷ್ಟು ಬಗೆಯ ಪಟ್ಟಿಗೆ ಆ ಒಂದು ಬ್ಲೇಡು ಸಾಲದು ಎಂದು ಮಾವ ಕಿವಿಯಲ್ಲಿದ್ದ ಪೆನ್ಸಿಲ್ ತೆಗೆದು ತಲೆ ಕೆರೆದುಕೊಂಡು ಹೇಳಿದ: ‘ಲೇ ನಂಜುಂಡ, ನೀನೇ ಓಗಿ ಯಾವ್ಯಾವುದಕ್ಕೆ ಯಾವ್ಯಾವ ಬ್ಲೇಡು ಅಂತ ಆರ್ಸ್ಕಂಡ್ ಬಾ. ಸರಿಯಾಗಿದ್ರೆ ಇನ್ಮ್ಯಾಕೆ ಮಷೀನು ನಿಂದು. ತಪ್ಪಾಯ್ತೋ, ಮದುವೆಯಾಗಿ ಮೊಮ್ಮಕ್ಕಳಾದ್ರೂ ಉಪ್ಪುಕಾಗ್ದನೇ ಇಡ್ಕಬೇಕು ನೋಡು.’ ನನ್ನ ಇಡೀ ಭವಿಷ್ಯ ಮೂರು ದುಂಡು ತಗಡಿನ ಮೇಲೆ ನಿಂತಿತು.

ನಂಜನಗೂಡಿನಲ್ಲಿ ಪುಟ್ಟಬಸಪ್ಪನವರ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆಯಿಂದ ಮೋಟರಿನವರೆಗೆ ಎಲ್ಲವೂ ಸಿಗುತ್ತದೆ, ನಗು ಒಂದನ್ನು ಬಿಟ್ಟು. ಯಾವ ಸಾಮಾನು ಕೇಳಿದರೂ ಅದನ್ನು ಅಂಗಿಗೆ ಒಮ್ಮೆ ಒರೆಸಿ, ಎರಡು ಸಲ ಗಂಟಲು ಸರಿಮಾಡಿಕೊಂಡು ಆಮೇಲೆ ಮಾತು ಶುರು ಮಾಡುತ್ತಾರೆ. ‘ಅಹ್ಞಂ, ಅಹ್ಞಂ. ನೋಡಪ್ಪ, ಹಲ್ಲು ಕಮ್ಮಿ ಇದ್ರೆ ಬೇಗ ತಿಂತದೆ, ಅಂಚು ಕಿತ್ತಾಕ್ತದೆ. ಹಲ್ಲು ಜಾಸ್ತಿ ಇದ್ರೆ ನಿಧಾನ, ಆದ್ರೆ ನುಣ್ಣಗಿರ್ತದೆ. ತೇಗದ ಪಟ್ಟೀನ ಅಡ್ಡಕ್ಕೆ ಕುಯ್ಯಕ್ಕೆ ಅರವತ್ತು ಹಲ್ಲಿಂದು ತಗೊ. ಹಿಟ್ಟಿನ ಹಲಗೆಗೆ ಎಂಬತ್ತು. ಅಲ್ಯೂಮಿನಿಯಂಗೆ ನೂರು, ಅದರ ಹಲ್ಲಿನ ಆಕಾರನೇ ಬೇರೆ. ಮರದ ಬ್ಲೇಡಲ್ಲಿ ಅಲ್ಯೂಮಿನಿಯಂ ಮುಟ್ಟಿದ್ರೆ ಕಚ್ಚಿ ಎಳೀತದೆ, ಬೆರಳು ಹುಷಾರು. ಪ್ಲಾಸ್ಟಿಕ್ಕು ಎಂಬತ್ತರಲ್ಲೇ ಆಯ್ತದೆ, ಬ್ಲೇಡ್ ಬಿಸಿಯಾದ್ರೆ ಮಾತ್ರ ಕರಗಿ ಅಂಟ್ಕೊತದೆ.’

ಇಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದೇ ತಪ್ಪಾಯಿತು. ಏನೂ ಮುಚ್ಚಿಡದ ವ್ಯಾಪಾರಿ ಏನೋ ಮುಚ್ಚಿಡುತ್ತಿದ್ದಾನೆ ಎಂದು ನನಗನ್ನಿಸಿತು. ಅಂಗಡಿ ಮೆಟ್ಟಿಲ ಮೇಲೆ ಕೂತು, ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಅಲ್ಲಿಂದ ಎಣಿಸಿದೆ. ಮೊದಲ ಸಲ ಅರವತ್ತೊಂದು ಬಂತು. ಒಂದು ಹಲ್ಲು ಹೆಚ್ಚು ಕೊಡುವಷ್ಟು ಧಾರಾಳಿ ಯಾರೂ ಇಲ್ಲವೆಂದು ಮತ್ತೆ ಎಣಿಸಿದೆ, ಐವತ್ತೊಂಬತ್ತಾಯಿತು. ಮೂರನೇ ಸಲಕ್ಕೆ ಅರವತ್ತು. ಬ್ಲೇಡಿನ ಒಂದು ಮುಖ ಕನ್ನಡಿಯಂತೆ ಖಾಲಿ, ಇನ್ನೊಂದು ಮುಖದಲ್ಲಿ ಕೆಂಪು ಕಪ್ಪು ಅಕ್ಷರ. ಡೂಪ್ಲಿಕೇಟ್ ಮಾಲಿನ ಇಂಗ್ಲಿಷಿನಲ್ಲಿ ತಪ್ಪಿರುತ್ತದೆ ಎಂದು ಕೇಳಿದ್ದರಿಂದ ಕಂಪನಿ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದೆ. ಸರಿಯಾಗಿತ್ತು. ಪುಟ್ಟಬಸಪ್ಪನವರು ಅಷ್ಟೂ ಹೊತ್ತು ನನ್ನನ್ನೇ ನೋಡುತ್ತಿದ್ದು ಕೊನೆಗೆ, ‘ಅಹ್ಞಂ. ಅಷ್ಟು ಅನುಮಾನ ಇದ್ರೆ ನಮ್ಮ ಬಾಯಿ ಹಲ್ಲೂ ಎಣಿಸ್ಬುಡು’ ಎಂದರು. ಆ ಸಂಜೆಯೇ ಟೀ ಅಂಗಡಿಯಲ್ಲಿ ಅವರ ಎರಡು ಕೆಮ್ಮನ್ನು ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಅವರಲ್ಲಿ ಇಬ್ಬರು ಆಮೇಲೆ ಪುಟ್ಟಬಸಪ್ಪನವರ ಅಂಗಡಿಯ ಕಡೆಗೇ ನಡೆದದ್ದನ್ನು ನಾನು ಗಮನಿಸಬೇಕಿತ್ತು.

ಬ್ಲೇಡು ತಂದ ಮಾರನೆಯ ದಿನವೇ ಆಯುಧಪೂಜೆ. ನಮ್ಮ ಶೆಡ್ಡಿನಲ್ಲಿ ಹೊಸ ಸಾಮಾನು ಪೂಜೆಗೆ ಮುಂಚೆ ಮರ ಮುಟ್ಟುವಂತಿಲ್ಲ. ಹಳೆಯ ಬ್ಲೇಡನ್ನು ನಾನೇ ಬಿಚ್ಚಿದೆ. ಉಳಿ, ಸುತ್ತಿಗೆ, ಕೈಗರಗಸ, ಕೀಸುಳಿ ಎಲ್ಲವನ್ನೂ ತೊಳೆದು ಹಲಗೆಯ ಮೇಲೆ ಸಾಲಾಗಿಟ್ಟು, ನಡುವೆ ಮೂರು ಹೊಸ ಬ್ಲೇಡುಗಳನ್ನು ಒರಗಿಸಿದೆವು. ಆವತ್ತು ನಾನೇ ಪುರೋಹಿತ. ಮೂಗಿನಲ್ಲಿ ಮಂತ್ರ, ಗಂಟಲಲ್ಲಿ ಗಂಟೆಯ ಸದ್ದು ಎರಡನ್ನೂ ಒಟ್ಟಿಗೆ ಹೊರಡಿಸಿ ಎಲ್ಲರನ್ನೂ ನಗಿಸುತ್ತಾ, ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದು ಒಂದೊಂದು ಬ್ಲೇಡಿಗೂ ಮೂರು ಗೆರೆ ಎಳೆದೆ. ನಡುವೆ ತೂತಿದ್ದದ್ದರಿಂದ ಕುಂಕುಮ ಸ್ವಲ್ಪ ಮೇಲೆ ಹೋಯಿತು. ಥೇಟ್ ಶಿವನ ಹಣೆ. ಮಾವ ಕೂಡ ನಗು ತಡೆಯಲಾರದೆ, ‘ಬಡ್ಡೈದ್ನೆ, ದೇವ್ರ ಮುಂದೆನೂವೆ ನಿನ್ನ ನಾಟ್ಕನಾ?’ ಎಂದು ಬೈದ. ಆಮೇಲೆ ಗಂಭೀರವಾಗಿ, ‘ಮಷೀನ್ಗೆ ಆಕುವಾಗ ಇಬೂತಿ ಮಕ ನಮ್ಮ ಕಡಿಕಿರ್ಲಿ ಕಣ್ಲಾ. ದೇವ್ರ ಮಕನ ಯಾರಾದ್ರೂ ಗೋಡೆ ಕಡಿಕೆ ತಿರುಗಿಸ್ತಾರಾ? ಅದಾಗೇ ಉದುರೋಗಗಂಟ ಒರೆಸಕೂಡದು’ ಎಂದ. ಕುಂಬಳಕಾಯಿ ಒಡೆದೆವು, ಮಂಡಕ್ಕಿ ತಿಂದೆವು.

ಎರಡು ದಿನ ಬಿಟ್ಟು ಮಷೀನನ್ನು ಲಗೇಜ್ ಆಟೋಗೆ ಹಾಕಿಕೊಂಡು ನರಸೀಪುರಕ್ಕೆ ಹೋದೆವು. ಮಾವ, ನಾನು, ಪಾಲಿಷ್ ಮಾಡುವ ಕುಮಾರ. ಗೃಹಪ್ರವೇಶ ಕಾರ್ತಿಕದ ಮೊದಲ ಸೋಮವಾರಕ್ಕೆ ಗೊತ್ತಾಗಿತ್ತು, ಕಾರ್ಡೂ ಅಚ್ಚಾಗಿತ್ತು. ಅರವತ್ತು ಹಲ್ಲಿನ ಬ್ಲೇಡನ್ನು ನಾನೇ ಮಷೀನಿಗೆ ಹಾಕಿ, ಮಾವನ ಅಪ್ಪಣೆಯಂತೆ ವಿಭೂತಿಯ ಮುಖವನ್ನು ಈಚೆಗೆ ಮಾಡಿ, ಬೋಲ್ಟು ಬಿಗಿದು, ಮಂಚದ ಮೊದಲ ಪಟ್ಟಿಯನ್ನಿಟ್ಟೆ. ಹಿಡಿ ಒತ್ತಿದೆ. ಬ್ಲೇಡು ಮರದೊಳಗೆ ಇಳಿಯಲಿಲ್ಲ. ಮರದ ಮೇಲೆ ಕೂತು ಅಳಲು ಶುರು ಮಾಡಿತು. ಹೊಗೆ ಬಂತು. ಹೋಮದ ಮನೆಯ ವಾಸನೆ ಬಂತು. ಇನ್ನಷ್ಟು ಒತ್ತಿದಾಗ ಪಟ್ಟಿ ಹೇಗೋ ತುಂಡಾಯಿತು. ತುದಿ ಸುಟ್ಟ ಮೆಣಸಿನಕಾಯಿಯಂತೆ ಕಪ್ಪಾಗಿ, ಅಂಚು ಇಲಿ ಕಡಿದಂತೆ ಕಿತ್ತು ಬಂದಿತ್ತು. ಮೇಷ್ಟ್ರು ಸ್ಕೇಲು ತೆಗೆದು ಸುಟ್ಟ ಭಾಗವನ್ನು ಅಳೆದರು. ‘ಗೃಹಪ್ರವೇಶಕ್ಕೆ ಮುಂಚೆ ಹೋಮ ಮಾಡೋ ಪದ್ಧತಿ ನನಗೆ ಗೊತ್ತಿರಲಿಲ್ಲ’ ಎಂದರು. ಬಲ ಸಾಲಲಿಲ್ಲವೇನೋ ಎಂದು ಎರಡನೇ ಪಟ್ಟಿಗೆ ಇನ್ನೂ ಜೋರಾಗಿ ಒತ್ತಿದೆ. ಇನ್ನೂ ಜೋರಾಗಿ ಹೊಗೆ ಬಂತು. ಎಂಟರಲ್ಲಿ ಆರು ಉಳಿದವು. ಆರು ಮಾತ್ರ.

ನೂರು ಹಲ್ಲಿನದನ್ನು ಹಾಕಿ ಅಲ್ಯೂಮಿನಿಯಂ ಇಟ್ಟೆ. ಬೀದಿಯ ನಾಯಿಗಳೆಲ್ಲ ಒಟ್ಟಾಗಿ ಊಳಿಟ್ಟವು. ಪಟ್ಟಿಯ ಅಂಚು ಹಪ್ಪಳದಂತೆ ಮುರುಟಿಕೊಂಡಿತು. ಎಂಬತ್ತರದನ್ನು ಹಾಕಿ ಎಂಡಿಎಫ್ ಕತ್ತರಿಸಿದೆ. ಅಂಚು ಉದುರುದುರಾದ ಉಪ್ಪಿಟ್ಟಾಯಿತು. ಅದೇ ಬ್ಲೇಡಿನಲ್ಲಿ ಬಚ್ಚಲಿನ ಪ್ಲಾಸ್ಟಿಕ್ ಪಟ್ಟಿಯನ್ನಿಟ್ಟಾಗ ಮಾತ್ರ ಬಾಳೆದಿಂಡು ಕೊಯ್ದಂತೆ ಕೊಯ್ದುಬಿಟ್ಟಿತು, ಅಂಚು ಕನ್ನಡಿ. ಕೂಡಲೇ ಮಾವನಿಗೆ ಜ್ಞಾನೋದಯವಾಯಿತು. ‘ಗೊತ್ತಾಯ್ತು ಬುಡು. ಇವೆಲ್ಲ ಪಿಲಾಸ್ಟಿಕ್ ಕುಯ್ಯೋ ಬ್ಲೇಡು ಕಣ್ಲಾ. ಮರದ್ದು ಅಂತ ನಿನ್ ಕೈಗೆ ತುರುಕವ್ನೆ ಆ ಪುಟ್ಬಸಪ್ಪ.’

ನನ್ನ ಉಸಿರು ಮರಳಿ ಬಂತು. ತಪ್ಪು ಆರಿಸಿದವನದಾದರೆ ನನ್ನ ಪಾಲಿಗೆ ಉಪ್ಪುಕಾಗದ. ತಪ್ಪು ಮಾರಿದವನದಾದರೆ ಮಷೀನು ಇನ್ನೂ ನನ್ನದೇ. ಹಾಗಾಗಿ ಅನುಮಾನವನ್ನು ಎಷ್ಟು ದೂರ ಸಾಧ್ಯವೋ ಅಷ್ಟು ದೂರ ತಳ್ಳುವುದು ನನ್ನ ಕರ್ತವ್ಯವಾಯಿತು. ಮೊದಲು ಹತ್ತಿರದಲ್ಲಿದ್ದ ಕುಮಾರನನ್ನು ಹಿಡಿದೆ. ಇವನೇ ನಮ್ಮ ಕಣ್ಣು ತಪ್ಪಿಸಿ ಮೊಳೆ ಇರುವ ಮರ ಕೊಯ್ದು ಹಲ್ಲು ಮೊಂಡು ಮಾಡಿರಬಾರದೇಕೆ? ಅವನು ಗೋಡೆ ಕಡೆ ತಿರುಗಿ ಕೂತಿದ್ದಾಗ ಹಿಂದಿನಿಂದ ಮಾವನ ಧ್ವನಿಯಲ್ಲಿ, ‘ಕುಮಾರಾ, ನೀನು ಮಾಡಿದ್ದೆಲ್ಲ ಗೊತ್ತಾಯ್ತು ಕಣ್ಲಾ!’ ಎಂದು ಗುಡುಗಿದೆ. ಅವನು ತಿರುಗಿಯೂ ನೋಡದೆ, ‘ತಪ್ಪಾಯ್ತು ಕಣಣ್ಣೋ, ಒಟ್ಟೆ ಅಸೀತಿತ್ತು, ನಿನ್ ಡಬ್ಬೀಲಿ ಎರಡೇ ಎರಡು ಕೋಡುಬಳೆ ತಗಂಡೆ’ ಎಂದು ಕೈಮುಗಿದ. ಮಾವ ಪಕ್ಕದ ಕೋಣೆಯಲ್ಲೇ ಇದ್ದ. ‘ಎರಡಲ್ಲ, ನಾಕು!’ ಎಂದು ಅಲ್ಲಿಂದಲೇ ನಿಜವಾದ ಧ್ವನಿ ಬಂತು. ಒಂದು ಕೇಸು ಬಗೆಹರಿಯಿತು, ನಮ್ಮದಲ್ಲ.

ಮರುದಿನ ಮೇಷ್ಟ್ರು ಹೊಸ ಸಾಕ್ಷ್ಯದೊಂದಿಗೆ ಬಂದರು. ಮೈಸೂರಿನಲ್ಲಿ ಅವರ ಹಳೆಯ ಶಿಷ್ಯನೊಬ್ಬ ಮಷೀನು ರಿಪೇರಿ ಮಾಡುತ್ತಾನಂತೆ. ಒರಿಜಿನಲ್ ಬ್ಲೇಡಿನ ಮೇಲೆ ಬಾಣದ ಗುರುತು ಇದ್ದೇ ಇರುತ್ತದೆ ಎಂದು ಫೋನಿನಲ್ಲಿ ಹೇಳಿದನಂತೆ. ಎಲ್ಲರೂ ಮಷೀನಿನ ಮುಂದೆ ಬಗ್ಗಿದೆವು. ಬ್ಲೇಡಿನ ಮೇಲೆ ವಿಭೂತಿಯ ಮೂರು ಗೆರೆ ಮಸುಕಾಗಿ ಉಳಿದಿತ್ತು, ಕುಂಕುಮ ಇತ್ತು, ಬಾಣ ಇರಲಿಲ್ಲ. ‘ಹಿಂದಿನ ಮುಖದಲ್ಲಿ?’ ಎಂದರು ಮೇಷ್ಟ್ರು. ನಾನು ಎದೆಯುಬ್ಬಿಸಿ, ‘ಆ ಮುಖ ನಾನೇ ಅಂಗಡಿಯಲ್ಲಿ ಅಕ್ಷರ ಬಿಡದಂತೆ ಓದಿದೀನಿ ಮೇಷ್ಟ್ರೇ, ಬಾಣ ಗೀಣ ಏನೂ ಇರಲಿಲ್ಲ’ ಎಂದೆ. ನಿಜವಾಗಿಯೂ ನೋಡಿದ ನೆನಪಿರಲಿಲ್ಲ. ನನ್ನಂಥ ಅನುಮಾನದ ಕಣ್ಣನ್ನು ತಪ್ಪಿಸಿಕೊಂಡು ಒಂದು ಬಾಣ ಇರಲು ಸಾಧ್ಯವೇ? ಮಾವನೂ ಸೇರಿಕೊಂಡ: ‘ಇವ್ನು ಅಂಗ್ಡೀಲೇ ಹಲ್ಲೆಣಿಸಿ ತಂದೋನು ಮೇಷ್ಟ್ರೇ. ಇವ್ನು ಇಲ್ಲ ಅಂದ್ರೆ ಇಲ್ಲ.’ ನನ್ನ ಮಾತನ್ನು ಯಾರಾದರೂ ಅನುಮಾನವಿಲ್ಲದೆ ನಂಬಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಬ್ಲೇಡು ಬಿಚ್ಚಿಯಾಗಲೀ, ಪಕ್ಕದಲ್ಲಿದ್ದ ಇನ್ನೆರಡನ್ನು ಮಗುಚಿಯಾಗಲೀ ನೋಡುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ.

ಪುಟ್ಟಬಸಪ್ಪನವರನ್ನು ಬಲೆಗೆ ಬೀಳಿಸುವುದೆಂದು ನಿಶ್ಚಯಿಸಿ ನರಸೀಪುರದ ಎಸ್‌ಟಿಡಿ ಬೂತಿಗೆ ಹೋದೆ. ಮೂಗು ಸ್ವಲ್ಪ ಹಿಡಿದು, ಬೆಂಗಳೂರಿನ ಆಫೀಸರರಂತೆ ಅರ್ಧ ಇಂಗ್ಲಿಷು ಬೆರೆಸಿ ಶುರು ಮಾಡಿದೆ: ‘ಹಲೋ, ನಾನು ಬ್ಯಾಂಗಳೂರ್ ಹೆಡ್ ಆಫೀಸಿಂದ ಬ್ಲೇಡ್ ಕಂಪನಿ ಇನ್ಸ್‌ಪೆಕ್ಟರ್ ಮಾತಾಡ್ತಿರೋದು. ನಿಮ್ಮ ಶಾಪಲ್ಲಿ ಡೂಪ್ಲಿಕೇಟ್ ಮಾಲ್ ಸೇಲ್ ಆಗ್ತಿದೆ ಅಂತ ಕಂಪ್ಲೇಂಟ್ ಬಂದಿದೆ. ಆಕ್ಚುಯಲೀ ಬಾಣನೇ ಇಲ್ವಂತೆ!’

ಆ ಕಡೆಯಿಂದ ರಿಸೀವರನ್ನು ಅಂಗಿಗೆ ಒರೆಸಿದ ಸದ್ದು ಬಂತು. ಆಮೇಲೆ, ‘ಅಹ್ಞಂ, ಅಹ್ಞಂ. ನಮಸ್ಕಾರ ಇನ್ಸ್‌ಪೆಕ್ಟರ್ ಸಾಹೇಬ್ರೇ. ಏನಾಗ್ತಿದೆಯಂತೆ?’

‘ಟೀಕ್ ಪಟ್ಟಿ ಸುಟ್ಟು ಹೋಗ್ತಿದೆ. ಸ್ಮೋಕ್ ಬರ್ತಿದೆ.’

‘ಪ್ಲಾಸ್ಟಿಕ್ಕು?’

‘ಪ್ಲಾಸ್ಟಿಕ್ ಮಾತ್ರ ಫಸ್ಟ್ ಕ್ಲಾಸ್.’

‘ಸರಿ ಸರಿ’ ಎಂದರು ಪುಟ್ಟಬಸಪ್ಪನವರು. ಅವರು ನಕ್ಕಂತೆ ಕೇಳಿಸಿತು. ನಗದ ಮನುಷ್ಯ ನಗುವುದೆಂದರೆ ಅಪರಾಧದ ಗುರುತು ಎಂದುಕೊಂಡೆ. ‘ಒಂದು ಮಾತು ಸಾಹೇಬ್ರೇ. ಆಯುಧಪೂಜೆ ಚೆನ್ನಾಗಾಯ್ತಾ? ಬ್ಲೇಡ್‌ಗೆಲ್ಲ ಪೂಜೆ ಗೀಜೆ ಮಾಡಿದ್ರಂತಾ?’

‘ಅದು ನಿಮಗ್ಯಾಕೆ? ಕೇಳಿದ್ದಕ್ಕೆ ಆನ್ಸರ್ ಮಾಡಿ!’

‘ಆನ್ಸರ್ ಇಲ್ಲ ಸಾಹೇಬ್ರೇ. ಮಷೀನು, ಬ್ಲೇಡು ಎರಡೂ ತಗೊಂಡು ಬಂದ್ರೆ ನೋಡಾನ’ ಎಂದು ಫೋನಿಟ್ಟರು. ಮಾತು ಮರೆಸಲು ಪೂಜೆಯ ಸುದ್ದಿ ತೆಗೆದ ಆ ಜಾಣತನಕ್ಕೆ ನನಗೆ ಮೈಯೆಲ್ಲ ಉರಿಯಿತು. ಮೇಷ್ಟ್ರಿಗೆ ಬಂದು ವರದಿ ಒಪ್ಪಿಸಿದೆ: ‘ಹೆಚ್ಚು ಕಡಿಮೆ ಒಪ್ಪಿಕೊಂಡ ಹಾಗೇ ಮೇಷ್ಟ್ರೇ. ಉತ್ತರ ಇಲ್ಲ ಅಂತ ಅವರ ಬಾಯಲ್ಲೇ ಬಂತು.’

ಮಾರನೆಯ ಬೆಳಿಗ್ಗೆ ಲಗೇಜ್ ಆಟೋದಲ್ಲಿ ಮಷೀನು, ಮೂರು ಬ್ಲೇಡು, ಸುಟ್ಟ ಪಟ್ಟಿಗಳು, ಅವುಗಳ ಪಕ್ಕದಲ್ಲಿ ನೆಟ್ಟಗೆ ಕೂತ ನಿಂಗಯ್ಯ ಮೇಷ್ಟ್ರು, ಮಾವ, ನಾನು. ಸುತ್ತೂರಿನ ಮೇಲೆ ನಂಜನಗೂಡಿಗೆ ಹೋಗುವ ಅಷ್ಟೂ ದಾರಿ ಮೇಷ್ಟ್ರು ಸುಟ್ಟ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ‘ನಮ್ಮವ್ವ ಇದರ ಮೇಲೇ ಮೂರು ದಿನ ನೋವು ತಿಂದಳಂತೆ’ ಎಂದು ಒಂದೇ ಒಂದು ಮಾತಾಡಿದರು. ನನಗೆ ಯಾರ ದನಿಯನ್ನೂ ಅಣಕಿಸುವ ಮನಸ್ಸಾಗಲಿಲ್ಲ. ಆ ಮಾತಿಗೆ ಪುಟ್ಟಬಸಪ್ಪನವರಿಂದ ಜವಾಬು ಕೇಳಲೇಬೇಕೆಂದು ಹಲ್ಲು ಕಚ್ಚಿ ಕೂತೆ.

ಅಂಗಡಿಯ ಮುಂದೆ ಮಷೀನು ಇಳಿಸುವಷ್ಟರಲ್ಲಿ ಟೀ ಅಂಗಡಿಯ ನನ್ನ ಅಭಿಮಾನಿಗಳೆಲ್ಲ ಬಂದು ಸುತ್ತ ನಿಂತರು. ನಾನು ಗಂಟಲು ಬಿಚ್ಚಿ ಆರೋಪಪಟ್ಟಿ ಓದಿದೆ. ಹೊಗೆ, ನಾಯಿ, ಹಪ್ಪಳ, ಉಪ್ಪಿಟ್ಟು, ಬಾಣ, ಒಂದನ್ನೂ ಬಿಡಲಿಲ್ಲ. ಪುಟ್ಟಬಸಪ್ಪನವರು ಪೂರ್ತಿ ಕೇಳಿ, ‘ಮೊದ್ಲು ನೀನು ಹಾಕೋ ಥರ ಹಾಕಿ ತೋರ್ಸಪ್ಪ’ ಎಂದರು. ಅರವತ್ತು ಹಲ್ಲಿನದನ್ನು ಎತ್ತಿ, ವಿಭೂತಿಯ ಮುಖ ಈಚೆಗಿಟ್ಟು, ಬೋಲ್ಟು ಬಿಗಿದೆ. ಸುಟ್ಟ ಪಟ್ಟಿಯ ತುಂಡೊಂದನ್ನು ಇಟ್ಟು ಒತ್ತಿದೆ. ಹೊಗೆ ಬಂತು. ‘ನೋಡ್ರಪ್ಪ!’ ಎಂದು ಜನರ ಕಡೆ ತಿರುಗಿದೆ.

‘ಅಹ್ಞಂ, ಅಹ್ಞಂ’ ಎಂದರು ಪುಟ್ಟಬಸಪ್ಪನವರು. ಬ್ಲೇಡು ಆರುವ ತನಕ ಕಾದು, ಬೋಲ್ಟು ಬಿಚ್ಚಿ, ಅದನ್ನು ಹೊರತೆಗೆದು ಅಂಗಿಗೆ ಒಮ್ಮೆ ಒರೆಸಿದರು. ಅಕ್ಷರದ ಮುಖವನ್ನು ಮೇಲೆ ಮಾಡಿ ನನ್ನ ಮೂಗಿನ ಕೆಳಗೆ ಹಿಡಿದರು. ಕಂಪನಿಯ ಹೆಸರಿನ ಕೆಳಗೆ, ನಾನು ತಪ್ಪು ಹುಡುಕಿದ ಕೊನೆಯ ಅಕ್ಷರಕ್ಕೆ ಒತ್ತಿಕೊಂಡೇ, ಕಿರುಬೆರಳಿನಷ್ಟು ಉದ್ದದ ಕೆಂಪು ಬಾಣ ಬಾಗಿ ಮಲಗಿತ್ತು. ಅದನ್ನು ಬೆರಳಿನಿಂದ ತಟ್ಟಿ, ಬ್ಲೇಡನ್ನು ಮಗುಚಿ, ಅಕ್ಷರದ ಮುಖವನ್ನು ಈಚೆಗೆ ಮಾಡಿ ಮಷೀನಿಗೆ ಹಾಕಿ ಬಿಗಿದರು. ಅದೇ ಸುಟ್ಟ ತುಂಡನ್ನು ಇಟ್ಟು ಒತ್ತಿದರು. ಸುಯ್ ಎಂದು ಒಂದು ನಿಟ್ಟುಸಿರು. ಹೊಗೆಯಿಲ್ಲ. ಮಂಚದ ಮರ ಒಳಗೆ ಜೇನುಬಣ್ಣದಲ್ಲಿ ಹೊಳೆಯಿತು. ಮೇಷ್ಟ್ರು ಸ್ಕೇಲು ತೆಗೆಯಲಿಲ್ಲ. ಬರೀ ಬೆರಳಲ್ಲಿ ಸವರಿದರು.

‘ಬ್ಲೇಡು ಬಾಣ ತೋರಿಸೋ ಕಡೆಗೆ ತಿರುಗ್ಬೇಕು. ನೀನು ತಿರುವಿ ಹಾಕಿದ್ದಕ್ಕೆ ಹಲ್ಲು ಮುಂದಿರಬೇಕಾದ್ದು ಹಿಂದಿತ್ತು. ಬೆನ್ನಲ್ಲಿ ಉಜ್ಜಿದ್ರೆ ಮರ ಸುಡದೆ ಇನ್ನೇನಾಯ್ತದೆ?’ ಎಂದರು ಪುಟ್ಟಬಸಪ್ಪನವರು. ‘ತೆಳ್ಳನೆ ಪ್ಲಾಸ್ಟಿಕ್ಕಿಗೆ ಮಾತ್ರ ತಿರುವಿ ಹಾಕಿದ್ರೂ ಒಪ್ತದೆ. ಎಷ್ಟೋ ಜನ ಬೇಕು ಅಂತಲೇ ಹಾಕ್ತಾರೆ.’ ಆಮೇಲೆ ಬ್ಲೇಡಿನ ಒಳಮುಖದ ಕಡೆ ಕೈ ತೋರಿಸಿ, ಯಾರನ್ನೂ ನೋಡದೆ ಕೇಳಿದರು: ‘ಈ ಖಾಲಿ ಮುಖಕ್ಕೆ ವಿಭೂತಿ ಇಟ್ಟ ಐನೋರು ಯಾರು?’

ಕಣ್ಣುಮುಚ್ಚಿ ಹಲ್ಲಿನ ದಿಕ್ಕು ಹೇಳುವ ಮಾವ ಕಣ್ಣುಬಿಟ್ಟುಕೊಂಡು ನನ್ನನ್ನು ನೋಡಿದ. ಅಕ್ಷರದ ಮೇಲೆ ವಿಭೂತಿ ಎದ್ದು ಕಾಣುವುದಿಲ್ಲವೆಂದು ಖಾಲಿ ಮುಖವನ್ನು ಆರಿಸಿದವನು ನಾನು. ಹಾಗೆ ಮೂರಕ್ಕೂ ಎಳೆದವನು ನಾನು. ‘ನೀನೇ ತಾನೆ ಮಾವ ಇಬೂತಿ ಮುಖ ಈಚೆಗಿರಲಿ ಅಂದದ್ದು’ ಎಂದು ತಪ್ಪನ್ನು ಅವನ ತಲೆಗೆ ದಾಟಿಸುವ ಒಂದು ಪ್ರಯತ್ನ ಮಾಡಿದೆ. ಮಾವ ‘ಗಂಟೆ ಬಾರಿಸ್ಕಂಡು ಮಂತ್ರ ಏಳಿದ್ದು ನಾನೇನ್ಲಾ?’ ಎಂದು ಕಿವಿಯ ಪೆನ್ಸಿಲ್ಲಿಗೆ ಕೈಹಾಕಿದ. ನೆರೆದವರು ನಗಲು ಶುರು ಮಾಡುವಷ್ಟರಲ್ಲಿ ಪುಟ್ಟಬಸಪ್ಪನವರು ಮೂಗು ಸ್ವಲ್ಪ ಹಿಡಿದುಕೊಂಡು, ‘ಹಲೋ, ನಾನು ಬ್ಯಾಂಗಳೂರ್ ಹೆಡ್ ಆಫೀಸಿಂದ ಇನ್ಸ್‌ಪೆಕ್ಟರ್ ಮಾತಾಡ್ತಿರೋದು, ಆಕ್ಚುಯಲೀ ಬಾಣನೇ ಇಲ್ವಂತೆ!’ ಎಂದರು. ನನ್ನ ಧ್ವನಿಗೆ ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. ಬೀದಿಯೇ ಬಿದ್ದು ಬಿದ್ದು ನಕ್ಕಿತು. ಅಷ್ಟು ಅವಮಾನದಲ್ಲೂ, ‘ಎಷ್ಟು ಚೆನ್ನಾಗಿ ಮಾಡುತ್ತಾರೆ, ಕಲಿತದ್ದು ಎಲ್ಲಿ?’ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ನರಸೀಪುರಕ್ಕೆ ಮರಳಿದ ಮೇಲೆ, ಉಳಿದ ಆರು ತೇಗದ ಪಟ್ಟಿಗಳನ್ನು ಯಾರು ಕತ್ತರಿಸಬೇಕು ಎನ್ನುವ ಪ್ರಶ್ನೆ ಬಂದಾಗ ಮಾವ ನನ್ನ ಕಡೆ ಉಪ್ಪುಕಾಗದ ಚಾಚಿದ. ಆಗ ಮೇಷ್ಟ್ರು, ‘ಇವನೇ ಕತ್ತರಿಸಲಿ. ಈಗ ಇವನಿಗೆ ತನ್ನ ಮೇಲೇ ಅನುಮಾನ ಬಂದಿದೆ, ನಿಧಾನಕ್ಕೆ ಮಾಡುತ್ತಾನೆ’ ಎಂದರು. ಒಂದೊಂದು ಪಟ್ಟಿಗೂ ಮುಂಚೆ ನಾನು ಬಾಣ ನೋಡಿದೆ, ಹಲ್ಲು ನೋಡಿದೆ, ಪ್ಲಗ್ಗು ತೆಗೆದು ಮತ್ತೊಮ್ಮೆ ಬಾಣ ನೋಡಿದೆ. ಆರೂ ಸರಿಯಾಗಿ ಕೂತವು. ಗೃಹಪ್ರವೇಶದ ಸೋಮವಾರ ಮೇಷ್ಟ್ರು ದೇವರ ಮನೆಯ ಬಾಗಿಲ ಮೂಲೆಗೆ ಮುಖವಿಟ್ಟು ಸಂದು ಹುಡುಕಿದರು, ಸಿಗಲಿಲ್ಲ. ಸುಟ್ಟ ಎರಡು ಪಟ್ಟಿಗಳಲ್ಲಿ ಉಳಿದ ಒಳ್ಳೆಯ ಭಾಗದಿಂದ ಕೂರುವ ಮಣೆಯೊಂದನ್ನು ಜೋಡಿಸಿ ಕೊಟ್ಟೆ. ಕಪ್ಪಾದ ಒಂದು ತುದಿಯನ್ನು ಮೇಷ್ಟ್ರು ಕತ್ತರಿಸಲು ಬಿಡಲಿಲ್ಲ. ‘ಇರಲಿ, ನಿನ್ನ ಸಹಿ’ ಎಂದರು. ಮಷೀನು ನನ್ನದಾಯಿತು. ಆಯುಧಪೂಜೆಯ ದಿನ ಮಾತ್ರ ಮಾವ ನನ್ನನ್ನು ಬ್ಲೇಡಿನ ಹತ್ತಿರ ಬಿಡುವುದಿಲ್ಲ. ಕುಂಬಳಕಾಯಿ ನನ್ನ ಖಾತೆ. ಅದಕ್ಕೆ ಯಾವ ಕಡೆಯಾದರೂ ನಡೆಯುತ್ತದೆ.

ಆದರೂ ಒಂದು ಅನುಮಾನ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಪೂಜೆ ಮಾಡಿದ್ರಾ ಎಂದು ಫೋನಿನಲ್ಲೇ ಕೇಳಿದ ಮನುಷ್ಯನಿಗೆ ವಿಷಯ ಅವತ್ತೇ ಗೊತ್ತಾಗಿತ್ತು. ಹೇಳಬಾರದಿತ್ತೇ? ಮುಂದಿನ ದಸರೆಗೆ ಹೊಸ ಬ್ಲೇಡು ತರಲು ಹೋದಾಗ ತಡೆಯಲಾರದೆ ಕೇಳಿಯೇಬಿಟ್ಟೆ. ಪುಟ್ಟಬಸಪ್ಪನವರು ಬ್ಲೇಡನ್ನು ಅಂಗಿಗೆ ಒರೆಸಿದರು. ‘ಅಹ್ಞಂ, ಅಹ್ಞಂ. ಗೊತ್ತಿತ್ತು ಕಣಪ್ಪ. ವರ್ಷಾವರ್ಷ ಪೂಜೆ ಕಳೆದ ವಾರ ಇಂಥದ್ದು ಒಂದೆರಡು ಬಂದೇ ಬರ್ತವೆ. ಆದ್ರೆ ಅವತ್ತು ಫೋನ್ ಮಾಡಿದ್ದು ಇನ್ಸ್‌ಪೆಕ್ಟರ್ ಸಾಹೇಬ್ರಲ್ವಾ? ಅಷ್ಟು ದೊಡ್ಡೋರಿಗೆ ನಾನು ಬ್ಲೇಡ್ ಹಾಕದು ಹೇಳ್ಕೊಡಕಾಗ್ತದಾ? ನಂಜುಂಡ ಮಾಡಿದ್ದಿದ್ರೆ ಅಲ್ಲೇ ಹೇಳ್ತಿದ್ದೆ.’

ಅವತ್ತಿನಿಂದ ನಾನು ಎಲ್ಲಿಗೆ ಫೋನ್ ಮಾಡಿದರೂ ನನ್ನ ಸ್ವಂತ ದನಿಯಲ್ಲೇ ಮಾತಾಡುತ್ತೇನೆ. ಮೊನ್ನೆ ಅರ್ಜೆಂಟಾಗಿ ಒಂದು ಬ್ಲೇಡು ಬೇಕಾಗಿ ಅವರ ಅಂಗಡಿಗೇ ಮಾಡಿ, ‘ಅಣ್ಣಾ, ನಾನು ನಂಜುಂಡ’ ಎಂದೆ. ಆ ಕಡೆ ಎರಡು ಸಲ ಗಂಟಲು ಸರಿಯಾಯಿತು. ‘ದನಿಯೇನೋ ಅವನ ಥರನೇ ಐತೆ’ ಎಂದರು ಪುಟ್ಟಬಸಪ್ಪನವರು, ‘ಯಾರು ಸ್ವಾಮಿ ತಾವು, ನಿಜ ಹೇಳಿ.’